ಚಲನಚಿತ್ರ ಶಿಲ್ಪಿ ಡೇವಿಡ್ ಲೀನ್

ಡೇವಿಡ್ ಲೀನ್ 1908ನೆಯ ಇಸವಿ ಮಾರ್ಚ್ 25ರಂದು ಇಂಗ್ಲೆಂಡಿನ ಕ್ರಾಯ್ಡನ್ನಿನಲ್ಲಿ ಜನಿಸಿದನು. ತಂದೆತಾಯಿಗಳು ಸರಳ ಜೀವನವನ್ನು ವ್ರತದಂತೆ ಪಾಲಿಸುತ್ತಿದ್ದ ಕ್ವೇಕರ್ ಪಂಥದವರು. ಚಲನಚಿತ್ರ ನೋಡುವುದು ಆ ಮನೆಯಲ್ಲಿ ನಿಷಿದ್ಧವಾಗಿತ್ತು. ಶಾಲೆಯಲ್ಲಿ ದಡ್ಡನೆನಿಸಿಕೊಂಡಿದ್ದ ಬಾಲಕನಿಗೆ ಬಂಧುವೊಬ್ಬರು ಕೊಟ್ಟ ಪುಟ್ಟ ಕ್ಯಾಮೆರಾ ಹೊಸ ಲೋಕವನ್ನೇ ತೆರೆಯಿತು. ಮುಂದೆ ತಂದೆಯ ಲೆಕ್ಕಪತ್ರಗಳ ಕಚೇರಿಯಲ್ಲಿ ಕುಳಿತನಾದರೂ ಅಂಕಿಗಳಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. 1927ರಲ್ಲಿ ಲಂಡನಿನ ಸ್ಟುಡಿಯೋ ಒಂದನ್ನು ಸೇರಿ, ಚಹಾ ತಂದುಕೊಡುವ ಕೆಲಸದಿಂದ ತೊಡಗಿ, ಕೆಲವೇ ವರ್ಷಗಳಲ್ಲಿ ಸಂಕಲನಕಾರನಾದನು. ಚಿತ್ರಿಸಿದ ಸುರುಳಿಗಳಲ್ಲಿ ಬೇಡವಾದುದನ್ನು ಕತ್ತರಿಸಿ ಬೇಕಾದುದನ್ನು ಹೊಂದಿಸುವುದೇ ಸಂಕಲನ. ಯಾವುದನ್ನು ಹೇಳದೆ ಬಿಡಬೇಕೆಂಬ ವಿವೇಕವನ್ನು ಆತನು ಕಲಿತದ್ದು ಇಲ್ಲಿಯೇ. 1942ರಲ್ಲಿ ನೋಯಲ್ ಕವರ್ಡ್‌ನೊಡನೆ ಮೊದಲ ಬಾರಿಗೆ ನಿರ್ದೇಶನಕ್ಕೆ ಕೈಹಾಕಿದನು.

ಮರುಭೂಮಿಯ ವೈಶಾಲ್ಯವನ್ನು ತೆರೆಯ ಮೇಲೆ ತಂದ 'ಲಾರೆನ್ಸ್ ಆಫ್ ಅರೇಬಿಯಾ' (1962) ಆತನಿಗೆ ಜಗತ್ಕೀರ್ತಿ ತಂದಿತೆಂಬುದು ನಿಜ. ಆದರೆ ಆ ವಿವೇಕವನ್ನು ಕಾಣಬೇಕಾದರೆ 1954ರ 'ಹಾಬ್ಸನ್ಸ್ ಚಾಯ್ಸ್' ಎಂಬ ವಿನೋದಮಯ ಪ್ರಣಯಚಿತ್ರವನ್ನೇ ನೋಡಬೇಕು. ಹೆರಾಲ್ಡ್ ಬ್ರಿಗ್‌ಹೌಸನ ನಾಟಕ ಅದಕ್ಕೆ ಆಧಾರ. ಸ್ಯಾಲ್‌ಫರ್ಡ್ ಪಟ್ಟಣದ ಬೂಟಿನಂಗಡಿಯ ಯಜಮಾನ ಹಾಬ್ಸನ್ ಕುಡುಕ, ಜಿಪುಣ. ಮೂವತ್ತು ತುಂಬಿದ ಹಿರಿಯ ಮಗಳು ಮ್ಯಾಗಿಗೆ ಮದುವೆಯ ವಯಸ್ಸು ಮೀರಿತೆಂದು ಹಂಗಿಸಿ, ಸಂಬಳವಿಲ್ಲದೆ ದುಡಿಸಿಕೊಳ್ಳುತ್ತಾನೆ. ಅವಳಾದರೋ ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ ವಿಲ್ಲಿಯನ್ನು ತಾನಾಗಿಯೇ ವರಿಸಿ, ಹಿತ್ತಾಳೆಯ ಉಂಗುರ ತೊಟ್ಟು, ಬೇರೆ ಅಂಗಡಿ ಹೂಡುತ್ತಾಳೆ. ಅವಳ ಮುಂದೆ ಅಕ್ಷರ ತಿದ್ದುತ್ತ ತಿದ್ದುತ್ತ ಪುಕ್ಕಲ ವಿಲ್ಲಿ ಸ್ವಾಭಿಮಾನಿಯಾಗುತ್ತಾನೆ. ಕಡೆಗೆ ಅಳಿಯನ ಷರತ್ತಿಗೆ ಒಪ್ಪದೆ ಮಾವನಿಗೆ ಗತಿಯಿಲ್ಲ. ಪಾನಮತ್ತನಾದ ಹಾಬ್ಸನ್ ಬೀದಿಯ ನೀರಗುಂಡಿಗಳಲ್ಲಿ ಹೊಳೆಯುವ ಚಂದ್ರನನ್ನು ಬೆನ್ನಟ್ಟುವ ದೃಶ್ಯ ಮಾತನ್ನು ನೆಚ್ಚಿಕೊಂಡಿಲ್ಲ. ನಗುತ್ತಿರುವ ಪ್ರೇಕ್ಷಕನಿಗೆ ಆ ಮುದುಕನ ಒಂಟಿತನವೂ ಹೊಳೆಯದಿರದು. ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಬಹುಮಾನ ಈ ಚಿತ್ರಕ್ಕೆ ಸಂದಿತು.

ಕೀರ್ತಿಯ ಶಿಖರದಲ್ಲಿದ್ದಾಗಲೇ ಪೆಟ್ಟು ಬಿದ್ದಿತು. 1970ರ 'ರಯಾನ್ಸ್ ಡಾಟರ್' ಚಿತ್ರವನ್ನು ನ್ಯೂಯಾರ್ಕಿನ ವಿಮರ್ಶಕರು ಆತನನ್ನು ಎದುರಿಗೇ ಕೂರಿಸಿಕೊಂಡು ನಿರ್ದಯವಾಗಿ ಖಂಡಿಸಿದರು. ದೋಷ ತೋರುವುದು ವಿಮರ್ಶಕನ ಧರ್ಮವೇ ಸರಿ. ಆದರೆ ಅಂದಿನ ಮಾತುಗಳು ಕಲಾವಿದನ ಆತ್ಮವಿಶ್ವಾಸವನ್ನೇ ಕದಡಿದವು. ಹದಿನಾಲ್ಕು ವರ್ಷ ಆತನಿಂದ ಕಥಾಚಿತ್ರವೊಂದೂ ಹೊರಬರಲಿಲ್ಲ.

ಮತ್ತೆ ಆತನು ಕೈಗೆತ್ತಿಕೊಂಡದ್ದು ಇ. ಎಂ. ಫಾರ್‌ಸ್ಟರನ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'. ಅದರ ಬಹುಭಾಗದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಕಾದಂಬರಿಯ ಮಾರಾಬಾರ್ ಗುಹೆಗಳಿಗೆ ಸಾವನದುರ್ಗ ಹಾಗೂ ರಾಮನಗರದ ಹೆಬ್ಬಂಡೆಗಳು ನೆಲೆಯಾದವು. 1984ರಲ್ಲಿ ಚಿತ್ರ ತೆರೆಕಂಡಾಗ ಲೀನನಿಗೆ ಎಪ್ಪತ್ತಾರು ವರ್ಷ. ಚಿತ್ರಕಥೆ, ನಿರ್ದೇಶನಗಳ ಜೊತೆಗೆ ಸಂಕಲನವನ್ನೂ ತಾನೇ ಮಾಡಿದ್ದನು. ಯೌವನದಲ್ಲಿ ಹಿಡಿದ ಕತ್ತರಿ ಮತ್ತೆ ಕೈಗೆ ಬಂದಿತ್ತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಆತನಿಗೆ 'ಸರ್' ಪದವಿಯನ್ನಿತ್ತಿತು. ಆಮೇಲೆ ಜೋಸೆಫ್ ಕಾನ್ರಾಡನ 'ನಾಸ್ಟ್ರೋಮೋ' ಕಾದಂಬರಿಯನ್ನು ತೆರೆಗೆ ತರುವ ಸಿದ್ಧತೆಯಲ್ಲಿ ಹಲವು ವರ್ಷ ಕಳೆದನು. ಅದರ ಚಿತ್ರೀಕರಣ ಆರಂಭವಾಗುವ ಮುನ್ನವೇ, 1991ರ ಏಪ್ರಿಲ್ 16ರಂದು, ಲಂಡನಿನಲ್ಲಿ ಕಣ್ಮುಚ್ಚಿದನು.