ಕೇಳುವ ಕಿವಿ, ನಿಲ್ಲುವ ಮಾತು: ನಮ್ಮ ಸೀಮೆಯ ಡಿ.ವಿ.ಜಿ.

ನಮ್ಮ ಶಾಲೆ ಐವತ್ತು ವರ್ಷ ತುಂಬಿಸಿದೆ. ಈ ಸಂಚಿಕೆಗೆ ನನ್ನ ಕಂಪನಿಯ ಕಥೆ ಬರೆಯುವುದಕ್ಕಿಂತ ನಮ್ಮ ಸೀಮೆಯ ಹಿರಿಯರೊಬ್ಬರ ಬದುಕನ್ನು ಬರೆಯುವುದು ಮೇಲು ಎನಿಸಿತು. ಅವರು ಡಿ.ವಿ. ಗುಂಡಪ್ಪನವರು, ನಾವೆಲ್ಲ ಕರೆಯುವ ಹಾಗೆ ಡಿ.ವಿ.ಜಿ. ಮಂಕುತಿಮ್ಮನ ಕಗ್ಗ ಬರೆದವರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ನಾನು ಅವರ ಬದುಕಿನಲ್ಲಿ ಹುಡುಕಿದ್ದು ಬೇರೊಂದು ಪಾಠವನ್ನು: ನಾಲ್ಕು ಜನರ ಮುಂದೆ ಮಾತಾಡುವುದು ಹೇಗೆ, ಅದಕ್ಕೂ ಮೊದಲು ಇನ್ನೊಬ್ಬರ ಮಾತನ್ನು ಕೇಳುವುದು ಹೇಗೆ ಎಂಬುದನ್ನು.

ಈ ಪಾಠ ನಮ್ಮ ಊರಿಗೆ ಏಕೆ ಬೇಕೆಂದು ಉರಿಗಾಂನಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತಮಿಳು, ಸುತ್ತಲಿನ ಹಳ್ಳಿಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮುಂದೆ ಕಾಲೇಜಿಗೆ ಹೋದರೆ ಇಂಗ್ಲಿಷ್. ಬಾಯಿ ಬಿಟ್ಟರೆ ಯಾವ ಭಾಷೆಯ ತಪ್ಪು ಹೊರಬೀಳುತ್ತದೋ ಎಂಬ ಅಂಜಿಕೆಯಲ್ಲೇ ಅರ್ಧ ವಯಸ್ಸು ಕಳೆಯುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು ಸಾವಿರಾರು ಮನೆಗಳ ದಿನಚರಿಯಾಯಿತು. ಅಲ್ಲಿ ಸಂದರ್ಶನದ ಕೊಠಡಿಯಲ್ಲಿ ಕೂತಾಗ ವಿಷಯ ಗೊತ್ತಿದ್ದೂ ಮಾತು ಬಾರದೆ ವಾಪಸು ಬಂದವರನ್ನು ನಾನು ಕಂಡಿದ್ದೇನೆ. ಊರಿನ ಕುಡಿಯುವ ನೀರಿನ ತೊಂದರೆಯನ್ನು ಸಭೆಯಲ್ಲಿ ಎದ್ದು ನಿಂತು ಹೇಳಲಾಗದೆ, ಹೊರಗೆ ಟೀ ಅಂಗಡಿಯಲ್ಲಿ ಹೇಳಿಕೊಳ್ಳುವ ಹಿರಿಯರನ್ನೂ ಕಂಡಿದ್ದೇನೆ. ಇಂಥವರಿಗೆ ಡಿ.ವಿ.ಜಿ.ಯವರ ಬದುಕು ಧೈರ್ಯ ಕೊಡುತ್ತದೆ. ಏಕೆಂದರೆ ಅವರೂ ಹೊರಟದ್ದು ಇದೇ ನೆಲದಿಂದ, ಅದೂ ಸೋಲಿನಿಂದ.

ಬೇತಮಂಗಲದ ದಾರಿ ಹಿಡಿದರೆ ನಮಗೆ ಮುಳಬಾಗಿಲು ದೂರವೇನಲ್ಲ. ಅಲ್ಲಿ 1887ರ ಮಾರ್ಚ್ 17ರಂದು ಗುಂಡಪ್ಪ ಹುಟ್ಟಿದರು. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮುಳಬಾಗಿಲು, ಮೈಸೂರು, ಕೋಲಾರಗಳಲ್ಲಿ ಓದಿದ ಹುಡುಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಶಾಲೆಯ ಓದು ಅಲ್ಲಿಗೆ ನಿಂತಿತು. ಸ್ವಲ್ಪ ಕಾಲ ಬದಲಿ ಮೇಷ್ಟ್ರಾಗಿ ಪಾಠ ಹೇಳಿದರು. ಆಮೇಲೆ ಹೊಟ್ಟೆಪಾಡಿಗಾಗಿ ಬಂದದ್ದು ನಮ್ಮ ಚಿನ್ನದ ಗಣಿ ಪ್ರದೇಶಕ್ಕೆ, ಒಂದು ಸೋಡಾ ಕಾರ್ಖಾನೆಯ ಕೆಲಸಕ್ಕೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಗಣಿಗಳ ಯಂತ್ರಗಳನ್ನು ತಿರುಗಿಸತೊಡಗಿದ್ದ ಕಾಲ ಅದು. ಜಗತ್ತೇ ನೋಡುತ್ತಿದ್ದ ಊರಿನಲ್ಲಿ, ಪರೀಕ್ಷೆಯಲ್ಲಿ ಸೋತ ಒಬ್ಬ ಹುಡುಗ ಸೋಡಾ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಮುಂದೆ ದಿವಾನರೂ ಅವನ ಮಾತಿಗೆ ಕಿವಿಗೊಡುತ್ತಾರೆಂದು ಅಂದು ಯಾರೂ ಊಹಿಸಿರಲಾರರು.

ಅಲ್ಲಿಂದ ಬೆಂಗಳೂರಿಗೆ ಹೋದ ಅವರು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. ಕೊನೆಗೆ ಪತ್ರಿಕೆಯ ವೃತ್ತಿ ಕೈಹಿಡಿಯಿತು. ಡಿಗ್ರಿ ಇಲ್ಲದ ಮನುಷ್ಯ ಕಲಿತದ್ದು ಹೇಗೆ? ಬಹುಪಾಲು ಕಿವಿಯಿಂದ. ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಬಳಿ ಕೂತು ಸಂಸ್ಕೃತ, ವೇದಾಂತಗಳನ್ನು ಕೇಳಿ ಕಲಿತರು. ಇಂಗ್ಲಿಷ್ ಗ್ರಂಥಗಳನ್ನು ತಾವೇ ಓದಿಕೊಂಡರು. ಕರ್ನಾಟಕ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ನಡೆಸಿ, ಸರ್ಕಾರದ ನಡೆಯನ್ನು ಮುಲಾಜಿಲ್ಲದೆ ವಿಮರ್ಶಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರೊಂದಿಗೆ ಅವರಿಗಿದ್ದ ಸ್ನೇಹ ಜೀವನಪರ್ಯಂತ ಉಳಿಯಿತು.

ಅವರ ಕೇಳುವ ಕಿವಿ ಎಷ್ಟು ಚುರುಕಾಗಿತ್ತೆಂಬುದಕ್ಕೆ ಸಾಕ್ಷಿ ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳು. ಅದರಲ್ಲಿ ಮೈಸೂರಿನ ದಿವಾನರಿದ್ದಾರೆ, ವೀಣೆ ಶೇಷಣ್ಣನವರಂಥ ಕಲಾವಿದರಿದ್ದಾರೆ. ಅವರ ಜೊತೆಗೇ ಹಳ್ಳಿಯ ಪುರೋಹಿತರು, ಮನೆವಾರ್ತೆ ನಡೆಸಿದ ಅಜ್ಜಿಯರು, ಹೆಸರಿಗೆ ಬಾರದ ಸಾಮಾನ್ಯರೂ ಇದ್ದಾರೆ. ಯಾರು ಯಾವ ಧಾಟಿಯಲ್ಲಿ ಮಾತಾಡುತ್ತಿದ್ದರು, ಎಲ್ಲಿ ನಗುತ್ತಿದ್ದರು ಎಂಬುದೆಲ್ಲ ದಶಕಗಳ ಮೇಲೂ ಅವರ ನೆನಪಿನಲ್ಲಿ ಹಸಿಯಾಗಿತ್ತು. ಎದುರಿನವರು ಮಾತಾಡುವಾಗ ತನ್ನ ಉತ್ತರವನ್ನೇ ಹೊಸೆಯುತ್ತ ಕೂತವನಿಗೆ ಇಷ್ಟೆಲ್ಲ ನೆನಪಿರುವುದು ಸಾಧ್ಯವಿಲ್ಲ.

ಮಾತಿನ ವಿಷಯಕ್ಕೆ ಬರೋಣ. ಡಿ.ವಿ.ಜಿ.ಯವರು ಸಾರ್ವಜನಿಕ ಜೀವನದಲ್ಲಿ ಆದರ್ಶವಾಗಿ ಇಟ್ಟುಕೊಂಡದ್ದು ಗೋಪಾಲಕೃಷ್ಣ ಗೋಖಲೆಯವರನ್ನು. ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು ಕೂಡ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ ಗೋಖಲೆ 1902ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಬಜೆಟ್ ಕುರಿತು ಮಾತಾಡಿದಾಗ ಕೈ ಬೀಸಲಿಲ್ಲ, ಕೂಗಾಡಲಿಲ್ಲ. ಸರ್ಕಾರ ಉಳಿತಾಯವೆಂದು ಹೆಮ್ಮೆಯಿಂದ ತೋರಿಸುತ್ತಿದ್ದ ಹಣ ಬಡವರಿಂದ ಹೆಚ್ಚಾಗಿ ವಸೂಲು ಮಾಡಿದ ತೆರಿಗೆ ಎಂಬುದನ್ನು ಸರ್ಕಾರದ ಅಂಕಿಗಳಿಂದಲೇ ತೋರಿಸಿಕೊಟ್ಟರು. ಮಾತಿನ ಬಲ ಗಂಟಲಲ್ಲಿಲ್ಲ, ತಯಾರಿಯಲ್ಲಿದೆ ಎಂಬ ಈ ಪಾಠವನ್ನು ಡಿ.ವಿ.ಜಿ. ತಮ್ಮದಾಗಿಸಿಕೊಂಡರು.

ಅವರು ಹಲವು ವರ್ಷ ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯಲ್ಲಿದ್ದರು. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ವಸಂತ ಸಾಹಿತ್ಯೋತ್ಸವ ಏರ್ಪಡಿಸಿದರು, ಗಮಕ ತರಗತಿಗಳಿಗೆ ಒತ್ತು ಕೊಟ್ಟರು. ಗಮಕವೆಂದರೆ ಕಾವ್ಯವನ್ನು ಅರ್ಥ ಒಡೆಯುವಂತೆ ರಾಗವಾಗಿ ಓದುವ ಕಲೆ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಒತ್ತಬೇಕು, ಕಡೆಯ ಸಾಲಿನಲ್ಲಿ ಕೂತವನಿಗೂ ಹೇಗೆ ಮುಟ್ಟಿಸಬೇಕು ಎಂಬುದನ್ನು ಅದು ಕಲಿಸುತ್ತದೆ. ಭಾಷಣಕ್ಕೂ ಬೇಕಾದದ್ದು ಇದೇ ತಾನೆ?

ಈ ನಡುವೆ ಮನೆಯ ಬದುಕು ಸುಗಮವಾಗಿರಲಿಲ್ಲ. 1924ರಲ್ಲಿ ಪತ್ನಿ ಭಾಗೀರಥಮ್ಮ ತೀರಿಕೊಂಡರು. ಆಗಿನ್ನೂ ಮೂವತ್ತೇಳರ ಆಸುಪಾಸಿನಲ್ಲಿದ್ದ ಅವರು ಮತ್ತೆ ಮದುವೆಯಾಗಲಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿ ಮುಂದೆ ದೊಡ್ಡ ಸಸ್ಯವಿಜ್ಞಾನಿಯೂ ಸಾಹಿತಿಯೂ ಆದರು.

ಅವರ ಬದುಕಿನ ದೊಡ್ಡ ಕೆಲಸವೆಂದು ನಾನು ಎಣಿಸುವುದು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು. ಅದರ ಉದ್ಘಾಟನೆಗೆ ಬಂದವರು ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು. ಕುಂಭಕೋಣದ ಬಳಿಯ ಬಡ ಪುರೋಹಿತರ ಮಗ, ಶಾಲಾ ಮೇಷ್ಟ್ರು. ಬೆಳ್ಳಿ ನಾಲಿಗೆಯವರೆಂದು ದೇಶ ವಿದೇಶಗಳಲ್ಲಿ ಹೆಸರಾದವರು. ಆದರೆ ಆ ಸಂಸ್ಥೆ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಜಾಗವಾಗಲಿಲ್ಲ. ಜನ ಕೂತು ಒಂದು ಪುಸ್ತಕ ಓದುವುದು, ಒಂದು ಸರ್ಕಾರಿ ಮಸೂದೆಯನ್ನು ಬಿಡಿಸಿ ನೋಡುವುದು, ಒಬ್ಬರಾದ ಮೇಲೆ ಒಬ್ಬರು ಚರ್ಚಿಸುವುದು ಅಲ್ಲಿಯ ಕ್ರಮ. ಸ್ವಾತಂತ್ರ್ಯ ಬರುವುದಕ್ಕೆ ಎರಡು ವರ್ಷ ಮೊದಲೇ ಅವರು ಇದನ್ನು ಕಟ್ಟಿದರೆಂಬುದನ್ನು ಗಮನಿಸಬೇಕು. ಪ್ರಜೆಗೆ ವೋಟು ಸಿಕ್ಕರೆ ಸಾಲದು, ಕೇಳಿ ತೂಗಿ ನೋಡುವ ಅಭ್ಯಾಸವೂ ಬೇಕೆಂಬುದು ಅವರ ನಂಬಿಕೆ. ಅವರ ಗೀತಾ ಉಪನ್ಯಾಸಗಳೇ ಬೆಳೆದು ಜೀವನಧರ್ಮಯೋಗ ಎಂಬ ಗ್ರಂಥವಾಗಿ, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೆಟ್ರಿಕ್ ದಾಟದವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲೇ ಡಿ.ಲಿಟ್. ಕೊಟ್ಟಿತ್ತು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನಿಸಿ ಅರ್ಪಿಸಿದ 90,000 ರೂಪಾಯಿಯನ್ನು ಅವರು ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಈ ಬದುಕಿನಿಂದ ನಾನು ಹೆಕ್ಕಿಕೊಂಡದ್ದು ಕೆಲವೇ ಮಾತು. ಮೊದಲನೆಯದು, ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬಾರದು. ಗೊತ್ತಿರುವುದನ್ನೂ ಚೀಟಿಯಲ್ಲಿ ಮೂರು ಅಂಶವಾಗಿ ಬರೆದುಕೊಂಡು ಏಳಬೇಕು. ಎರಡನೆಯದು, ಕೇಳುವವರು ಯಾರೆಂದು ನೋಡಿ ಅವರ ನುಡಿಯಲ್ಲಿ ಹೇಳಬೇಕು. ಮೂರು ಭಾಷೆ ಬಲ್ಲ ನಮ್ಮ ಊರಿನ ಮಕ್ಕಳಿಗೆ ಇದು ಕೊರತೆಯಲ್ಲ, ಆಸ್ತಿ. ಮೂರನೆಯದು, ಹೇಳುವುದು ಮುಗಿದ ಕೂಡಲೇ ಕೂತುಬಿಡಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಇನ್ನೊಬ್ಬರ ಮಾತು ಪೂರ್ತಿಯಾಗುವವರೆಗೆ ಕಾಯಬೇಕು. ವಿರೋಧಿಸುವ ಮೊದಲು ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಸರಿಯಾಗಿ ಅರ್ಥವಾಯಿತೇ ಎಂದು ಕೇಳಬೇಕು. ಸಾಫ್ಟ್‌ವೇರ್ ಕೆಲಸದಲ್ಲಿ ಇದು ದಿನನಿತ್ಯದ ಅಗತ್ಯ. ಗಿರಾಕಿ ಕೇಳಿದ್ದು ಒಂದು, ನಾವು ಕಟ್ಟಿದ್ದು ಇನ್ನೊಂದು ಆದರೆ ತಿಂಗಳುಗಟ್ಟಲೆಯ ದುಡಿಮೆ ನೀರಿಗೆ ಬೀಳುತ್ತದೆ.

ಕೇಳುವುದು ನಮ್ಮ ಊರಿಗೆ ಹೊಸ ವಿದ್ಯೆಯೂ ಅಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿಯಲ್ಲಿ ನಮ್ಮ ಹಿರಿಯರ ಜೀವ ನಿಂತಿದ್ದು ಕಿವಿಯ ಮೇಲೆ. ಕೇಜು ಮೇಲೆ ಹೋಗಬೇಕೋ ಕೆಳಗೆ ಇಳಿಯಬೇಕೋ ಎಂಬುದು ಗಂಟೆಯ ಎಣಿಕೆಯಲ್ಲಿ ತೀರ್ಮಾನವಾಗುತ್ತಿತ್ತು. ಬಂಡೆಯೊಳಗಿನ ಸದ್ದು ಬದಲಾದರೆ ಕೆಲಸಗಾರರು ಎಚ್ಚರವಾಗುತ್ತಿದ್ದರು. ಅಂಥವರ ಮಕ್ಕಳು, ಮೊಮ್ಮಕ್ಕಳು ನಾವು. ಕೇಳುವ ಕಿವಿ ನಮ್ಮಲ್ಲಿದೆ. ಅದರ ಜೊತೆಗೆ ಎದ್ದು ನಿಂತು ಹೇಳುವ ಅಭ್ಯಾಸ ಬೇಕಾಗಿದೆ.

ಆದ್ದರಿಂದ ಶಾಲೆಯ ಗುರುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ನನ್ನದೊಂದು ಕೋರಿಕೆ. ವಾರಕ್ಕೊಮ್ಮೆ, ಶನಿವಾರ ಶಾಲೆ ಬಿಟ್ಟ ಮೇಲೆ, ಒಂದು ಗಂಟೆ ಮಕ್ಕಳನ್ನು ಕೂರಿಸೋಣ. ಒಬ್ಬ ಹುಡುಗಿ ಐದು ನಿಮಿಷ ಮಾತಾಡಲಿ. ಮುಂದಿನವನು ಅವಳು ಹೇಳಿದ್ದರ ಸಾರವನ್ನು ಮೊದಲು ಹೇಳಿ, ಆಮೇಲೆ ತನ್ನ ಮಾತು ಶುರುಮಾಡಲಿ. ಉಚ್ಚಾರ ತಪ್ಪಿದರೆ ಯಾರೂ ನಗಬಾರದೆಂಬುದೊಂದೇ ಕಟ್ಟಳೆ. ಇದಕ್ಕೆ ದುಡ್ಡು ಬೇಡ, ಮೈಕೂ ಬೇಡ. ತಿಂಗಳಿಗೊಂದು ಶನಿವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಲು ನಾನು ಸಿದ್ಧನಿದ್ದೇನೆ. ಬರುವವರು ದಯವಿಟ್ಟು ಮುಖ್ಯೋಪಾಧ್ಯಾಯರ ಬಳಿ ಹೆಸರು ಬರೆಸಿ.

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್