ಒಂಟಿ ಕಾಲಿನ ಕುಂಬಾರ, ತಪ್ಪು ಥರ್ಮಾಮೀಟರ್

ಕಳೆದ ರಜೆಯಲ್ಲಿ ಅಜ್ಜಿಗೆ ಹಲ್ಲಿನ ಕ್ಯಾಪ್ ಹಾಕಿಸೋಕೆ ನಾನೇ ಕರ್ಕೊಂಡು ಹೋಗಿದ್ದೆ. ಜಿರ್ಕೋನಿಯಾ ಕ್ಯಾಪ್, ಅಂದ್ರೆ ಸೆರಾಮಿಕ್. ಮೆಷಿನ್ ಅದನ್ನು ಬೇಕಾದ ಅಳತೆಗಿಂತ ದೊಡ್ಡದಾಗಿ ಕೊರೆಯುತ್ತೆ, ಆಮೇಲೆ ಸುಮಾರು 1500 ಡಿಗ್ರಿಯಲ್ಲಿ ಸುಟ್ಟಾಗ ಕುಗ್ಗಿ ಸರಿಯಾದ ಸೈಜಿಗೆ ಬರುತ್ತೆ ಅಂತ ಡಾಕ್ಟರು ವಿವರಿಸಿದ್ರು. ನಾನು ಬಾಯಿ ಬಿಟ್ಕೊಂಡು ಕೇಳ್ತಿದ್ದೆ. ಅಜ್ಜಿಗೆ ಮಾತ್ರ ಏನೂ ಅನ್ನಿಸ್ಲಿಲ್ಲ. ಹಸಿ ಮಡಕೆ ಆವಿಗೆಯಲ್ಲಿ ಸುಟ್ಟರೆ ಚಿಕ್ಕದಾಗೋದು ಅವಳು ಚಿಕ್ಕಂದಿನಿಂದ ನೋಡಿದ್ದು.

ಈ ಕುಗ್ಗುವಿಕೆಯನ್ನೇ ಹಿಡಿದು ಬೆಂಕಿಯನ್ನು ಅಳೆಯೋಕೆ ಹೊರಟ ಒಬ್ಬ ಕುಂಬಾರ ಇದ್ದ. ಜೊಸಾಯ ವೆಡ್ಜ್‌ವುಡ್. ಹೆಸರು ಕೇಳಿದ್ರೆ ದುಬಾರಿ ಟೀ ಸೆಟ್ ನೆನಪಾಗುತ್ತೆ. ಆದ್ರೆ ಕೈಗಾರಿಕೆಗೂ ವೈದ್ಯಕೀಯಕ್ಕೂ ಸೆರಾಮಿಕ್ ಮಾಡಿಕೊಟ್ಟ ಮೊದಲಿಗರಲ್ಲೂ ಇವನ ಹೆಸರು ಬರಬೇಕು ಅನ್ನೋದು ನನ್ನ ವಾದ.

1730ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಬರ್ಸ್ಲೆಮ್ ಅನ್ನೋ ಊರಲ್ಲಿ ಹುಟ್ಟಿದ. ತಲೆಮಾರುಗಳಿಂದ ಕುಂಬಾರಿಕೆ ಮಾಡ್ತಿದ್ದ ದೊಡ್ಡ ಸಂಸಾರದ ಕೊನೇ ಮಗು. ಒಂಬತ್ತನೇ ವಯಸ್ಸಲ್ಲಿ ಅಪ್ಪ ತೀರಿಕೊಂಡ, ಹುಡುಗ ಅಣ್ಣನ ಕೈಕೆಳಗೆ ಕೆಲಸಕ್ಕೆ ನಿಂತ. ಆಮೇಲೆ ಸಿಡುಬು ಬಂತು. ಜೀವ ಉಳೀತು, ಬಲ ಮೊಣಕಾಲು ಹೋಯ್ತು. ತಿಗರಿಯನ್ನು ಕಾಲಿಂದ ತುಳಿದೇ ತಿರುಗಿಸಬೇಕಿದ್ದ ಕಾಲ ಅದು. ಕುಂಬಾರನಿಗೆ ಕಾಲು ಹೋದ್ರೆ ನಮಗೆ ಲ್ಯಾಪ್‌ಟಾಪ್ ಹೋದ ಹಾಗಲ್ಲ, ಕಸುಬೇ ಹೋದ ಹಾಗೆ.

ಹಾಗಾಗಿ ಅವನ ಗಮನ ಮಣ್ಣು, ಮೆರುಗು, ಬೆಂಕಿ ಇವುಗಳ ಕಡೆ ತಿರುಗಿತು. 1754ರಲ್ಲಿ ಥಾಮಸ್ ವೀಲ್ಡನ್ ಅನ್ನೋ ಹೆಸರಾಂತ ಕುಂಬಾರನ ಪಾಲುದಾರನಾದ. 1759ರಲ್ಲಿ ಬರ್ಸ್ಲೆಮ್‌ನಲ್ಲೇ ಸ್ವಂತ ಕೆಲಸ ಶುರು ಮಾಡ್ದ. ಪ್ರಯೋಗಗಳನ್ನು ನಂಬರ್ ಹಾಕಿ, ಯಾವ ಮಣ್ಣು ಎಷ್ಟು, ಆವಿಗೆಯ ಯಾವ ಜಾಗದಲ್ಲಿ ಇಟ್ಟದ್ದು, ಏನಾಯ್ತು ಅಂತ ಪುಸ್ತಕದಲ್ಲಿ ಬರೆದಿಡ್ತಿದ್ದ. ಬೇರೆಯವರಿಗೆ ಅರ್ಥವಾಗದಂತೆ ಸಂಕೇತಗಳಲ್ಲಿ. ಕೆಟ್ಟುಹೋದದ್ದನ್ನೂ ಬರೀತಿದ್ದ. ಇದನ್ನು ಓದುವಾಗ ನಂಗೆ ಸ್ವಲ್ಪ ನಾಚಿಕೆ ಆಯ್ತು. ಫಾರ್ಮುಲಾ ನೋಡಿ ಉತ್ತರದಿಂದ ಹಿಂದಕ್ಕೆ ರೀಡಿಂಗ್ ಬರೆದ ಲ್ಯಾಬ್ ರೆಕಾರ್ಡ್ ನನ್ನ ಬ್ಯಾಗಲ್ಲೇ ಇತ್ತು.

ಅವನ ಕೆನೆಬಣ್ಣದ ಪಾತ್ರೆಗಳು 1765ರಲ್ಲಿ ರಾಣಿ ಶಾರ್ಲೆಟ್‌ಗೆ ಹಿಡಿಸಿದವು. ಅಲ್ಲಿಂದ ವ್ಯಾಪಾರ ಏರಿದ್ದೇ ಏರಿದ್ದು, ಅದರ ಕಥೆ ಎಲ್ಲ ಕಡೆ ಸಿಗುತ್ತೆ. ಕಾಲು ಮಾತ್ರ ಬಿಡಲಿಲ್ಲ. 1768ರ ಮೇ 28ರಂದು ಬಲಗಾಲನ್ನು ಕತ್ತರಿಸಿದ್ರು. ಈಥರ್, ಕ್ಲೋರೋಫಾರ್ಮ್ ಬರೋಕೆ ಇನ್ನೂ ಮುಕ್ಕಾಲು ಶತಮಾನ ಇತ್ತು. ಸ್ವಲ್ಪ ಅಫೀಮಿನ ದ್ರಾವಣ ಕುಡಿದು ಕುರ್ಚಿ ಮೇಲೆ ಕೂತ. ಅಲ್ಲಿಂದ ಮುಂದೆ ಮರದ ಕಾಲು. ಫ್ಯಾಕ್ಟರಿಯಲ್ಲಿ ಸರಿಯಿಲ್ಲದ ಪಾತ್ರೆ ಕಂಡ್ರೆ ಆ ಮರದ ಕಾಲಿಂದಲೇ ಒಡೀತಿದ್ದ ಅಂತ ಕಥೆ ಇದೆ, ನಿಜವೋ ಕಟ್ಟುಕಥೆಯೋ.

ಒಂದೇ ವರ್ಷದ ನಂತರ, 1769ರ ಜೂನ್ 13ಕ್ಕೆ, ಎಟ್ರೂರಿಯಾ ಅನ್ನೋ ಹೊಸ ಕಾರ್ಖಾನೆ ತೆರೆದ. ಮೊದಲ ದಿನ ತಾನೇ ಕೂತು ಆರು ಹೂದಾನಿ ಮಾಡ್ದ. ಚಕ್ರ ತಿರುಗಿಸಿದ್ದು ಅವನ ಗೆಳೆಯ, ಪಾಲುದಾರ ಥಾಮಸ್ ಬೆಂಟ್ಲಿ. ಇಡೀ ಜೀವನಚರಿತ್ರೆಯಲ್ಲಿ ನಂಗೆ ತುಂಬಾ ಇಷ್ಟವಾದ ಚಿತ್ರ ಇದು.

ಎಟ್ರೂರಿಯಾದಲ್ಲಿ ಗಂಟೆ ಹೊಡೆದಾಗ ಬರಬೇಕು, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ತಪ್ಪಿದ್ರೆ ದಂಡ. ಮಕ್ಕಳೂ ದುಡೀತಿದ್ರು. ಮೆರುಗಿನಲ್ಲಿ ಸೀಸ ಇತ್ತು. ಆ ಪ್ರದೇಶದ ಕಾರ್ಖಾನೆಗಳಲ್ಲಿ ಪಾತ್ರೆಗಳನ್ನು ಮೆರುಗಿಗೆ ಅದ್ದೋ ಕೆಲಸಗಾರರಿಗೆ ಅದು ವಿಷವಾಗ್ತಿತ್ತು, ಚಕಮಕಿ ಕಲ್ಲಿನ ಪುಡಿ ಶ್ವಾಸಕೋಶ ತಿಂತಿತ್ತು. ಅದೇ ಮನುಷ್ಯ 1787ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ, ಸರಪಳಿಯಲ್ಲಿ ಮಂಡಿಯೂರಿದ ಆಫ್ರಿಕನ್ ಮನುಷ್ಯನ ಪದಕ ಮಾಡಿಸಿ ಹಂಚಿದ. ಇವೆರಡನ್ನೂ ಒಟ್ಟಿಗೆ ಹೇಗೆ ನೋಡಬೇಕೋ ನಂಗೆ ತಿಳೀತಿಲ್ಲ.

ಈಗ ಟೆಕ್ನಿಕಲ್ ಸೆರಾಮಿಕ್ ವಿಷಯಕ್ಕೆ ಬರೋಣ. ಆಗ ಔಷಧಿ ಅರೆಯೋಕೆ ಹಿತ್ತಾಳೆ ಅಥವಾ ಅಮೃತಶಿಲೆಯ ಕಲ್ಬತ್ತು ಬಳಸ್ತಿದ್ರು. ಆಸಿಡ್ ಬಿದ್ರೆ ಲೋಹ ಔಷಧಿಗೆ ಸೇರುತ್ತೆ, ಅಮೃತಶಿಲೆ ಕರಗುತ್ತೆ. ವೆಡ್ಜ್‌ವುಡ್ ಆಸಿಡ್ ತಡೆಯುವ, ಏನನ್ನೂ ಹೀರದ ಗಟ್ಟಿ ಪಿಂಗಾಣಿಯಂಥ ಕಲ್ಬತ್ತು ಮಾಡ್ದ. ಔಷಧಿ ಅಂಗಡಿಯವರು, ರಸಾಯನಶಾಸ್ತ್ರಜ್ಞರು ಕೊಂಡರು. ಆಕ್ಸಿಜನ್ ಖ್ಯಾತಿಯ ಜೋಸೆಫ್ ಪ್ರೀಸ್ಟ್ಲಿಗೆ ಕೊಳವೆ, ಬಟ್ಟಿಪಾತ್ರೆಗಳನ್ನು ದುಡ್ಡಿಲ್ಲದೆ ಕಳಿಸ್ತಿದ್ದ. 1790ರ ದಶಕದಲ್ಲಿ ಫ್ರಾನ್ಸಿನಿಂದ ಲಂಡನ್‌ಗೆ ಬಂದ ಡುಬ್ವಾ ಡಿ ಶೆಮಾ ಪಿಂಗಾಣಿಯ ಕೃತಕ ಹಲ್ಲು ಮಾಡ್ತಿದ್ದಾಗ ಅದರ ಮಣ್ಣು ಹೋಗ್ತಿದ್ದದ್ದು ವೆಡ್ಜ್‌ವುಡ್ ಕಾರ್ಖಾನೆಯಿಂದ. ಅಜ್ಜಿಯ ಕ್ಯಾಪಿನ ವಂಶಾವಳಿ ಬರೆದ್ರೆ ಇವನೂ ಎಲ್ಲೋ ಮೇಲುಗಡೆ ಬರ್ತಾನೆ.

ಆದ್ರೆ ಅವನನ್ನು ತುಂಬಾ ಕಾಡಿದ್ದು ಬೆಂಕಿ. ಅವನ ಪ್ರಸಿದ್ಧ ಜಾಸ್ಪರ್ ಮಣ್ಣು ಸಾವಿರಾರು ಪ್ರಯೋಗಗಳ ಫಲ. ಒಂದು ಆವಿಗೆಯಲ್ಲಿ ಚೆನ್ನಾಗಿ ಬಂದದ್ದು ಇನ್ನೊಂದರಲ್ಲಿ ಗುಳ್ಳೆ ಎದ್ದು ಹಾಳಾಗ್ತಿತ್ತು. ಪಾದರಸದ ಥರ್ಮಾಮೀಟರ್ ಅಲ್ಲಿ ನಡೆಯಲ್ಲ, ಪಾದರಸ 357 ಡಿಗ್ರಿಗೇ ಕುದಿಯುತ್ತೆ. ಕೆಲಸಗಾರರು ಬೆಂಕಿಯ ಬಣ್ಣ ನೋಡಿ ಅಂದಾಜು ಮಾಡ್ತಿದ್ರು. ವೆಡ್ಜ್‌ವುಡ್ ಒಂದೇ ಅಳತೆಯ ಚಿಕ್ಕ ಮಣ್ಣಿನ ತುಂಡುಗಳನ್ನು ಮಾಡಿ ಪಾತ್ರೆಗಳ ಜೊತೆ ಸುಟ್ಟ. ತಣ್ಣಗಾದ ಮೇಲೆ, ಒಂದು ತುದಿಯಿಂದ ಇನ್ನೊಂದಕ್ಕೆ ಕಿರಿದಾಗ್ತಾ ಹೋಗೋ ಹಿತ್ತಾಳೆಯ ಕಾಲುವೆಯಲ್ಲಿ ಜಾರಿಸಿದ. ಹೆಚ್ಚು ಸುಟ್ಟಷ್ಟು ಹೆಚ್ಚು ಕುಗ್ಗಿರುತ್ತೆ, ಅಷ್ಟು ಮುಂದೆ ಹೋಗುತ್ತೆ. ಎಲ್ಲಿ ನಿಲ್ಲುತ್ತೋ ಅದೇ ರೀಡಿಂಗ್. 1782ರಲ್ಲಿ ರಾಯಲ್ ಸೊಸೈಟಿಗೆ ಇದರ ಪ್ರಬಂಧ ಕೊಟ್ಟ, ಮರುವರ್ಷ ಅದರ ಫೆಲೋ ಆದ.

ಎಡವಟ್ಟಾಗಿದ್ದು ಆಮೇಲೆ. ತನ್ನ ಸ್ಕೇಲನ್ನು ಫ್ಯಾರನ್‌ಹೀಟ್‌ಗೆ ಜೋಡಿಸೋಕೆ ಹೋದ. ತನ್ನ ಒಂದು ಡಿಗ್ರಿಗೆ 130 ಫ್ಯಾರನ್‌ಹೀಟ್ ಅಂತ ಲೆಕ್ಕ ಹಾಕಿ ಉದ್ದಕ್ಕೂ ಅದೇ ಸರಳರೇಖೆ ಎಳೆದ. ಎರಕದ ಕಬ್ಬಿಣ ಕರಗೋದು ಸುಮಾರು 18,000 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅಂತ ಬಂತು, ಅಂದ್ರೆ ಹತ್ತತ್ತಿರ 10,000 ಸೆಲ್ಸಿಯಸ್. ಸೂರ್ಯನ ಮೇಲ್ಮೈಯೇ 5,500 ಇರೋದು! ನಿಜಕ್ಕೂ ಅದು ಕರಗೋದು 1,200ರ ಆಸುಪಾಸಿನಲ್ಲಿ. ಮಣ್ಣು ಸರಳರೇಖೆಯಲ್ಲಿ ಕುಗ್ಗಲ್ಲ, ಎಷ್ಟು ಹೊತ್ತು ಸುಟ್ಟೆವು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಆ ಸಂಖ್ಯೆಗಳನ್ನು ಸರಿಮಾಡೋಕೆ ಮುಂದಿನವರಿಗೆ ದಶಕಗಳೇ ಹಿಡಿದವು.

ವೈವಾದಲ್ಲಿ ಆಕ್ಯುರಸಿಗೂ ಪ್ರಿಸಿಷನ್‌ಗೂ ವ್ಯತ್ಯಾಸ ಕೇಳಿದ್ರೆ ನಾನಿನ್ನು ಇವನನ್ನೇ ಹೇಳ್ತೀನಿ. ಅವನ ಸಂಖ್ಯೆಗಳು ತಪ್ಪು. ಆದ್ರೆ ಅದೇ ಮಣ್ಣಿನ ತುಂಡು ಅದೇ ಗುರುತಿಗೆ ಬಂದ್ರೆ ನಿನ್ನೆಯ ಬೆಂಕಿ ಇವತ್ತೂ ಸಿಕ್ಕಿದೆ ಅಂತ ಅರ್ಥ. ಕುಂಬಾರನಿಗೆ ಬೇಕಾಗಿದ್ದದ್ದು ಅದೇ.

1795ರ ಜನವರಿ 3ರಂದು ತೀರಿಕೊಂಡ. ಮಗಳು ಸುಸಾನಾಗೆ 1809ರಲ್ಲಿ ಹುಟ್ಟಿದ ಮಗನೇ ಚಾರ್ಲ್ಸ್ ಡಾರ್ವಿನ್. ಇನ್ನು ಆ ಮಣ್ಣಿನ ತುಂಡುಗಳ ವಂಶವೂ ನಿಂತಿಲ್ಲ. ಇವತ್ತಿಗೂ ಸೆರಾಮಿಕ್ ಫ್ಯಾಕ್ಟರಿಗಳಲ್ಲಿ, ಫರ್ನೇಸಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಇದ್ರೂ, ಸರಕಿನ ನಡುವೆ ಒಂದೊಂದು ಸೆರಾಮಿಕ್ ಉಂಗುರ ಇಡ್ತಾರೆ. ಸುಟ್ಟಾದ ಮೇಲೆ ಹೊರತೆಗೆದು, ಮೈಕ್ರೋಮೀಟರ್‌ನಲ್ಲಿ ಎಷ್ಟು ಕುಗ್ಗಿದೆ ಅಂತ ನೋಡ್ತಾರೆ.