ನೀರಿಗೆ ಲೆಕ್ಕ ಕಲಿಸಿದ ವಿಶ್ವೇಶ್ವರಯ್ಯನವರು

ಕನ್ನಂಬಾಡಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಜ್ಞಾಪಕಕ್ಕೆ ಬರುವುದು ಬೃಂದಾವನದ ಕಾರಂಜಿ, ಶಾಲೆಯ ಪ್ರವಾಸ, ಬುತ್ತಿ ಕಟ್ಟಿಕೊಂಡು ಹೋದ ಚಿತ್ರಾನ್ನ. ನನಗಾದರೋ ಮೊದಲು ಕಣ್ಣಮುಂದೆ ಬರುವುದು ನಮ್ಮ ತಾತ. ಮಂಡ್ಯ ಸೀಮೆಯಲ್ಲಿ ನಾಲೆಯ ಕೊನೆ ಭಾಗದಲ್ಲಿ ನಮಗೆ ಎರಡು ಎಕರೆ ಗದ್ದೆಯಿತ್ತು. ನೀರಿನ ಪಾಳಿ ಬಂದ ರಾತ್ರಿ ತಾತ ಲಾಟೀನು ಹಿಡಿದು ಬದುವಿನ ಮೇಲೆ ಕೂತಿರುತ್ತಿದ್ದರು. ಎಷ್ಟೋ ಸಲ ಬೆಳಗಾದರೂ ನೀರು ಬರುತ್ತಿರಲಿಲ್ಲ. ಮೇಲಿನವರ ಗದ್ದೆಯಲ್ಲಿ ಮಾತ್ರ ಮೊಣಕಾಲುದ್ದ ನಿಂತಿರುತ್ತಿತ್ತು. ಅಣೆಕಟ್ಟೆ ಕಟ್ಟಿದ ಮಹಾನುಭಾವರು ಇದನ್ನು ಯೋಚಿಸಿರಲಿಲ್ಲವೇ ಎಂದು ಆಗ ನನಗೆ ಅನ್ನಿಸುತ್ತಿತ್ತು. ಯೋಚಿಸಿದ್ದರು, ಅದೂ ಕನ್ನಂಬಾಡಿಗಿಂತ ಹತ್ತು ವರ್ಷ ಮೊದಲೇ, ಎಂದು ತಿಳಿದದ್ದು ಡಾಕ್ಟರಾಗಿ ಈ ದೇಶಕ್ಕೆ ಬಂದಮೇಲೆ, ಅವರ ಜೀವನವನ್ನು ಬಿಡುವಾಗಿ ಓದಿದಾಗ. ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಅದನ್ನೇ ಹಂಚಿಕೊಳ್ಳುತ್ತಿದ್ದೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನೇ ಇಂದು ದೇಶವೆಲ್ಲ ಎಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು; ಮಗ ಇನ್ನೂ ಹುಡುಗನಾಗಿರುವಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ ಹುಡುಗ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ, ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಕುಡಿಯುವ ನೀರು ಒದಗಿಸಿದ್ದು, ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿ ತೆರೆದುಕೊಳ್ಳುವ ಗೇಟುಗಳನ್ನು ರೂಪಿಸಿದ್ದು, ಏಡನ್‌ಗೆ ಹೋಗಿ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ಕೊಟ್ಟದ್ದು, ಇವೆಲ್ಲ ನಾವು ಪಠ್ಯಪುಸ್ತಕದಲ್ಲಿ ಓದಿದವೇ. ಆದರೆ ಪುಣೆ ಸೀಮೆಯ ನಾಲೆಗಳ ಮೇಲೆ ಅವರು ಮಾಡಿದ ಇನ್ನೊಂದು ಕೆಲಸವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ.

ನೀರಾ ಮೊದಲಾದ ಆ ನಾಲೆಗಳಲ್ಲಿ ಆಗ ನಡೆಯುತ್ತಿದ್ದುದು ಹೀಗೆ. ಮಳೆ ಚೆನ್ನಾಗಿ ಬಂದ ವರ್ಷ ರೈತರಿಗೆ ನಾಲೆಯ ನೀರು ಬೇಡ. ಸರ್ಕಾರದ ನೀರು ವ್ಯರ್ಥ. ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಒಟ್ಟಿಗೆ ಬೇಕು, ಸಾಲದು. ನಾಲೆಯ ತಲೆಯಲ್ಲಿದ್ದ ಊರುಗಳಲ್ಲಿ ಕಬ್ಬಿನ ಮೇಲೆ ಕಬ್ಬು, ಜವುಗು ಹಿಡಿದ ನೆಲ. ಕೊನೆಯ ಊರುಗಳಲ್ಲಿ ಒಣ ಹೊಲ.

ವಿಶ್ವೇಶ್ವರಯ್ಯನವರು ನಾಲೆಯಲ್ಲಿ ಎಷ್ಟು ನೀರಿದೆ ಎಂಬುದರ ಜೊತೆಗೆ, ಯಾವ ಬೆಳೆಗೆ ಎಷ್ಟು ನೀರು, ಎಷ್ಟು ದಿನ ಬೇಕು ಎಂಬುದನ್ನೂ ಹಿಡಿದು ಲೆಕ್ಕ ಹಾಕಿದರು. 1901ರಲ್ಲಿ ನೇಮಕವಾದ ನೀರಾವರಿ ಆಯೋಗದ ಮುಂದೆಯೂ ತಮ್ಮ ವಿಚಾರವನ್ನು ಮಂಡಿಸಿದರು. ಇದೇ ಬ್ಲಾಕ್ ಪದ್ಧತಿ. ನಾಲೆಯ ಉದ್ದಕ್ಕೂ ಹಲವು ಊರುಗಳಲ್ಲಿ ಜಮೀನನ್ನು ಒತ್ತಾದ ಬ್ಲಾಕುಗಳಾಗಿ ಗುರುತಿಸುವುದು. ನೀರಿನ ಒಪ್ಪಂದವನ್ನು ಹಲವು ವರ್ಷಗಳಿಗೆ ಒಮ್ಮೆಗೇ ಮಾಡಿಕೊಳ್ಳುವುದು. ಬ್ಲಾಕಿನ ಮೂರನೆಯ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದುದಕ್ಕೆ ಕಡಿಮೆ ನೀರಿನ ಬೆಳೆ. ವರ್ಷ ವರ್ಷವೂ ಸರದಿ ಬದಲು. ಹೀಗೆ ನೀರು ಒಂದೇ ಕಡೆ ಮಡುಗಟ್ಟದೆ ಹೆಚ್ಚು ಊರುಗಳಿಗೆ ಹಂಚಿಹೋಗಬೇಕೆಂಬುದು ಅವರ ಉದ್ದೇಶ. ಮೊದಮೊದಲು ವಿರೋಧ ಬಂದರೂ ಬರಬರುತ್ತ ದಖನ್ನಿನ ನಾಲೆಗಳಲ್ಲಿ ಈ ಪದ್ಧತಿ ಬೇರೂರಿತು.

ಈ ಲೆಕ್ಕ ನಮಗೂ ಕಷ್ಟವಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಅದು ಒಂದು ಗಂಟೆ ಹರಿದರೆ ಒಂದು ಎಕರೆಯ ಮೇಲೆ ಸುಮಾರು ಒಂದು ಅಂಗುಲ ನೀರು ನಿಲ್ಲುತ್ತದೆ. ನಾಲ್ಕು ತಿಂಗಳ ಭತ್ತಕ್ಕೆ ಒಟ್ಟು 48 ಅಂಗುಲ ಬೇಕೆಂದು ಇಟ್ಟುಕೊಂಡರೆ, 120 ದಿನ ಹಗಲೂ ರಾತ್ರಿ ಹರಿದ ಒಂದು ಕ್ಯೂಸೆಕ್ 60 ಎಕರೆಗೆ ಸಾಕು. ಎಂಜಿನಿಯರುಗಳು ಇದನ್ನೇ ನೀರಿನ ಡ್ಯೂಟಿ ಎನ್ನುತ್ತಾರೆ. ರಾಗಿಗೆ ಸುಮಾರು 14 ಅಂಗುಲ ಸಾಕು. ಆದ್ದರಿಂದ ಅಷ್ಟೇ ನೀರಿನಲ್ಲಿ ಮೂರು ಪಟ್ಟಿಗೂ ಹೆಚ್ಚು ನೆಲದಲ್ಲಿ ರಾಗಿ ಬೆಳೆಯಬಹುದು. ವರ್ಷವಿಡೀ ನಿಲ್ಲುವ ಕಬ್ಬಿಗೆ 80 ಅಂಗುಲದವರೆಗೂ ಬೇಕಾಗಬಹುದು. ಇದರಲ್ಲಿ ಮಳೆಯಿಂದ ಬಂದಷ್ಟನ್ನು ಕಳೆಯಬೇಕು, ನಾಲೆಯಲ್ಲಿ ಇಂಗಿ ಹೋಗುವಷ್ಟನ್ನು ಕೂಡಿಸಬೇಕು.

ವೈದ್ಯಳಾದ ನನಗೆ ಇದು ನಮ್ಮ ವಾರ್ಡಿನ ಲೆಕ್ಕದಂತೆಯೇ ಕಾಣುತ್ತದೆ. ಭೇದಿಯಾದ ಮಗುವಿಗೆ ಡ್ರಿಪ್ ಹಾಕುವಾಗ ತೂಕ ನೋಡುತ್ತೇವೆ, ದಿನದ ಅಗತ್ಯ, ಆಗಲೇ ಕಳೆದುಕೊಂಡದ್ದು, ಇನ್ನೂ ಹೋಗುತ್ತಿರುವುದು, ಮೂರನ್ನೂ ಕೂಡುತ್ತೇವೆ. ಬಾಯಿಂದ ಕುಡಿದದ್ದನ್ನು ಕಳೆಯುತ್ತೇವೆ. ಕಡಿಮೆಯಾದರೆ ಮೂತ್ರಪಿಂಡಕ್ಕೆ ಅಪಾಯ, ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು. ಹೊಲಕ್ಕೂ ಅಷ್ಟೇ. ಹೆಚ್ಚು ನೀರು ಕುಡಿದ ನೆಲ ಜವುಗಾಗಿ, ಚೌಳು ಹಿಡಿದು ಸಾಯುತ್ತದೆ. ಆ ನೀರಿನಲ್ಲಿ ಸೊಳ್ಳೆ ಹುಟ್ಟಿ ಊರು ಮಲಗುತ್ತದೆ.

1908ರಲ್ಲಿ ಮುಂಬಯಿಯ ಸೇವೆ ಬಿಟ್ಟ ಅವರು, ಮೂಸಿ ನದಿಯ ಪ್ರವಾಹದಿಂದ ನೊಂದ ಹೈದರಾಬಾದಿಗೆ ಯೋಜನೆ ಮಾಡಿಕೊಟ್ಟು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆಯಿಂದ 1911ರಲ್ಲಿ ಕನ್ನಂಬಾಡಿ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ಅವರೇ ದಿವಾನರು. ಅಣೆಕಟ್ಟೆ ಪೂರ್ಣವಾದದ್ದು 1930ರ ದಶಕದ ಮೊದಲಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ. ಆಗ ಇರ್ವಿನ್ ನಾಲೆ ಎನಿಸಿಕೊಂಡದ್ದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಅದರ ಕೆಳಗಿನ ಸುಮಾರು 1,20,000 ಎಕರೆಗೂ ಬ್ಲಾಕ್ ಪದ್ಧತಿಯ ತತ್ವವನ್ನೇ ಇಟ್ಟುಕೊಂಡು, ಭತ್ತ, ಕಬ್ಬು ಮತ್ತು ಕಡಿಮೆ ನೀರಿನ ಬೆಳೆಗಳ ಸರದಿಯನ್ನು ಯೋಜಿಸಲಾಗಿತ್ತು.

ನೀರು ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ರಾಗಿ, ಹುರುಳಿ ತಿಂದು ಬದುಕಿದ್ದ ಸೀಮೆಯ ಮನೆಗಳಲ್ಲಿ ಅನ್ನ ಬೇಯತೊಡಗಿತು. ನನ್ನ ತಾತ ಮಗನನ್ನು ಹೈಸ್ಕೂಲಿಗೆ ಕಳಿಸಿದ್ದು ಕಬ್ಬಿನ ದುಡ್ಡಿನಿಂದ, ನಾನು ಎಂ.ಬಿ.ಬಿ.ಎಸ್. ಓದಿದ್ದಕ್ಕೂ ಮೂಲ ಆ ನಾಲೆಯೇ. ಆದರೆ ಕೈಗೆ ಬಂದ ನೀರನ್ನು ಜನ ಬಿಡಲಿಲ್ಲ. ಸರದಿ ಕ್ರಮೇಣ ಸಡಿಲವಾಗಿ ಭತ್ತ ಮತ್ತು ಕಬ್ಬು ಎಲ್ಲ ಕಡೆ ಹಬ್ಬಿದವು. ಮೊದಲ ವರ್ಷಗಳಲ್ಲೇ ನಾಲೆಯ ಸೀಮೆಯಲ್ಲಿ ಮಲೇರಿಯಾ ಕಾಡಿತು. ಮೂರನೆಯ ಒಂದು ಭಾಗ ಎಂಬ ಆ ಲೆಕ್ಕವನ್ನು ನಾವು ಕೈಬಿಟ್ಟದ್ದರ ಬೆಲೆಯನ್ನೇ ತಾತ ರಾತ್ರಿಯೆಲ್ಲ ಬದುವಿನ ಮೇಲೆ ಕೂತು ತೆತ್ತರು. ಹಾಗೆಂದು ಮೇಲಿನ ಊರಿನವರನ್ನು ದೂರುವ ಮನಸ್ಸಿಲ್ಲ. ನಮ್ಮ ಗದ್ದೆ ತೂಬಿನ ಪಕ್ಕದಲ್ಲೇ ಇದ್ದಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವೋ ಏನೋ.

ದಿವಾನಗಿರಿ ಬಿಟ್ಟಮೇಲೂ ಅವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿ ನಿಲ್ಲಿಸಿದರು. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ತುಂಬಿದ ಜೀವ 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಶಾಂತವಾಯಿತು; ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಅವರ ನಂತರ ಈ ಶಾಸ್ತ್ರ ಬಹಳ ಬೆಳೆದಿದೆ. ಬಿಸಿಲು, ಗಾಳಿ, ತೇವಾಂಶ ಹಿಡಿದು ಆವಿಯಾಗುವ ನೀರನ್ನು ಅಳೆಯುವ ಸೂತ್ರವನ್ನು ಇಂಗ್ಲೆಂಡಿನ ಪೆನ್‌ಮನ್ 1948ರಲ್ಲಿ ಕೊಟ್ಟರು. ಇಂದು ಆ ದಾರಿಯಲ್ಲೇ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನಲ್ಲೂ ಬೆಳೆಗೆ ಬೇಕಾದ ನೀರಿನ ಲೆಕ್ಕ ಮುಖ್ಯವಾಯಿತು. ಟಿ.ಎಂ.ಸಿ. ಎಂಬ ಮಾತು ಈಗ ಮಕ್ಕಳಿಗೂ ಗೊತ್ತು. ನಷ್ಟವೇ ಇಲ್ಲದಿದ್ದರೆ ಒಂದು ಟಿ.ಎಂ.ಸಿ. ಸುಮಾರು 5,700 ಎಕರೆ ಭತ್ತಕ್ಕೆ ನೀರು ಎಂಬುದು ಮಾತ್ರ ಎಷ್ಟು ಜನಕ್ಕೆ ಗೊತ್ತು?

ಮುಂದಿನ ಸಲ ಊರಿಗೆ ಹೋದಾಗ ಮಕ್ಕಳಿಗೆ ಕಾರಂಜಿ ತೋರಿಸೋಣ, ಬೇಡವೆನ್ನುವುದಿಲ್ಲ. ಹಾಗೆಯೇ ಒಂದು ಬೆಳಿಗ್ಗೆ ಅವರನ್ನು ನಾಲೆಯ ಕೊನೆಯವರೆಗೂ ಕರೆದುಕೊಂಡು ಹೋಗಿ, ನೀರುಗಂಟಿಯನ್ನು ಮಾತಾಡಿಸಿ, ಅಲ್ಲಿಗೆ ನೀರು ತಲುಪಿದೆಯೇ ಎಂದು ನೋಡಿ ಬರೋಣ.